ಕೊಳಚೆ ಕೆಸರಿನ ನೀರು ಹಿಂಡಲು ಕೆಮಿಕಲ್ ಎಷ್ಟು ಬೇಕು? ಉಳಿತಾಯದ ಲೆಕ್ಕ ಎಲ್ಲಿ ತಪ್ಪುತ್ತದೆ?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಹಗಲು ರಾತ್ರಿ ಓಡುವ ಒಂದು ಪುಟ್ಟ ಕಾರ್ಖಾನೆ ಇರುತ್ತದೆ. ಅದೇ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಇದರಿಂದ ಹೊರಬರುವ ನೀರಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅದು ವಾಸನೆ ಬರುತ್ತಿದೆಯೇ, ಗಿಡಗಳಿಗೆ ಹಾಕಬಹುದೇ, ಫ್ಲಶ್‌ಗೆ ಬಳಸಬಹುದೇ ಎಂದು ಕೇಳುತ್ತಾರೆ. ಆದರೆ ನೀರನ್ನು ಶುದ್ಧ ಮಾಡಿದ ಮೇಲೆ ಉಳಿಯುವ ಕೆಸರಿನ ಬಗ್ಗೆ, ಅಂದರೆ ಸ್ಲಡ್ಜ್ ಬಗ್ಗೆ, ಮಾತು ಬರುವುದು ಸಾಮಾನ್ಯವಾಗಿ ಬಿಲ್ ಬಂದಾಗ ಮಾತ್ರ. "ಈ ಪಾಲಿ ಎಂದರೇನು? ಪ್ರತಿ ತಿಂಗಳೂ ಯಾಕೆ ಬೇಕು? ಸ್ವಲ್ಪ ಕಡಿಮೆ ಹಾಕಿದರೆ ಆಗುವುದಿಲ್ಲವೇ?" ಎಂಬ ಪ್ರಶ್ನೆಗಳು ಆಗ ಏಳುತ್ತವೆ.

ಪ್ರಶ್ನೆ ಸರಿಯಾದದ್ದೇ. ಕೆಮಿಕಲ್ ಖರ್ಚನ್ನು ಕಡಿಮೆ ಮಾಡಲು ಖಂಡಿತ ಸಾಧ್ಯವಿದೆ. ಆದರೆ ಸುಮ್ಮನೆ ಅಳತೆ ತಗ್ಗಿಸಿದರೆ ಖರ್ಚು ಕಡಿಮೆಯಾಗುವ ಬದಲು ಬೇರೆ ಹೆಸರಿನಲ್ಲಿ ಹೆಚ್ಚಾಗುತ್ತದೆ. ಹಾಗೇಕೆ ಎಂಬುದನ್ನು ಈ ಲೇಖನದಲ್ಲಿ ಹಂತ ಹಂತವಾಗಿ ನೋಡೋಣ.

ಕೆಸರು ಎಂದರೆ ಬಹುಪಾಲು ನೀರೇ

ಶುದ್ಧೀಕರಣ ಘಟಕದಲ್ಲಿ ಕೊಳಚೆಯನ್ನು ತಿನ್ನುವುದು ಬ್ಯಾಕ್ಟೀರಿಯಾಗಳು. ತಿಂದಂತೆ ಅವು ಬೆಳೆಯುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ. ಹೀಗೆ ಹೆಚ್ಚಾದದ್ದನ್ನು ಆಗಾಗ ಹೊರತೆಗೆಯಲೇಬೇಕು. ಹೊರತೆಗೆದ ಕೆಸರಿನಲ್ಲಿ ಗಟ್ಟಿ ಪದಾರ್ಥ ಇರುವುದು ಸುಮಾರು ಶೇ. 1 ಮಾತ್ರ. ಉಳಿದ ಶೇ. 99 ನೀರು.

ಒಂದು ಲೆಕ್ಕ ನೋಡಿ. ಶೇ. 1ರ ಕೆಸರಿನಲ್ಲಿ 1 ಕೆಜಿ ಒಣ ಪದಾರ್ಥ ಇರಬೇಕಾದರೆ 100 ಕೆಜಿ ಕೆಸರು ಬೇಕು. ಅದೇ ಕೆಸರನ್ನು ಹಿಂಡಿ ಗಟ್ಟಿ ಅಂಶವನ್ನು ಶೇ. 20ಕ್ಕೆ ತಂದರೆ ಉಳಿಯುವುದು ಬರೀ 5 ಕೆಜಿ. ಅಂದರೆ 95 ಕೆಜಿ ನೀರು ಕಡಿಮೆಯಾಯಿತು. ಸಾಗಿಸುವ ಲಾರಿಗೆ, ಸುರಿಯುವ ಜಾಗಕ್ಕೆ, ಒಣಗಿಸುವ ಶ್ರಮಕ್ಕೆ ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಕೆಸರು ನಿರ್ವಹಣೆಯ ಇಡೀ ಅರ್ಥಶಾಸ್ತ್ರ ನಿಂತಿರುವುದು ಈ ನೀರು ಹಿಂಡುವ ಕೆಲಸದ ಮೇಲೆ.

ಹಾಗಾದರೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಸಾಲದೇ?

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರೆಲ್ಲ ಇಳಿದು ಶ್ರೀಖಂಡಕ್ಕೆ ಬೇಕಾದ ಗಟ್ಟಿ ಮೊಸರು ಸಿಗುತ್ತದೆ. ಆದರೆ ಮೊಸರಾಗುವ ಮುಂಚೆ ಹಾಲನ್ನೇ ಬಟ್ಟೆಗೆ ಸುರಿದರೆ? ಎಲ್ಲವೂ ಸೋರಿ ಹೋಗುತ್ತದೆ. ಕೆಸರಿನ ಕಥೆಯೂ ಹೀಗೆಯೇ.

ಕೆಸರಿನ ಕಣಗಳು ತೀರಾ ಸಣ್ಣವು. ಅವುಗಳ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶ ಇರುತ್ತದೆ. ಒಂದೇ ಬಗೆಯ ಆವೇಶ ಇರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಒಟ್ಟಿಗೆ ಸೇರುವುದಿಲ್ಲ. ಇದರ ಜೊತೆಗೆ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯಂತಹ ಪದಾರ್ಥವನ್ನು ಸುರಿಸಿಕೊಂಡಿರುತ್ತವೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂತಹ ಕೆಸರನ್ನು ನೇರವಾಗಿ ಫಿಲ್ಟರ್ ಪ್ರೆಸ್‌ಗೆ ಹಾಕಿದರೆ ಸಣ್ಣ ಕಣಗಳು ಬಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ಎಷ್ಟು ಒತ್ತಿದರೂ ನೀರು ಬರುವುದಿಲ್ಲ.

ಪಾಲಿ ಎಂದು ಆಪರೇಟರ್‌ಗಳು ಕರೆಯುವ ಪಾಲಿಎಲೆಕ್ಟ್ರೋಲೈಟ್ ಕೆಲಸ ಮಾಡುವುದು ಇಲ್ಲಿಯೇ. ಕೆಸರಿಗೆ ಬಳಸುವುದು ಹೆಚ್ಚಾಗಿ ಧನ ಆವೇಶವುಳ್ಳ ಪಾಲಿಅಕ್ರಿಲಮೈಡ್. ಇದರ ಅಣು ತುಂಬಾ ಉದ್ದದ ದಾರದಂತಿರುತ್ತದೆ. ದಾರದ ಉದ್ದಕ್ಕೂ ಇರುವ ಧನ ಆವೇಶ ಕಣಗಳ ಋಣ ಆವೇಶವನ್ನು ತಣಿಸುತ್ತದೆ. ಒಂದೇ ದಾರ ಹಲವು ಕಣಗಳಿಗೆ ಅಂಟಿ ಹೂವು ಕಟ್ಟಿದ ಹಾಗೆ ಅವನ್ನು ಒಟ್ಟಿಗೆ ಪೋಣಿಸುತ್ತದೆ. ಹಾಲು ಒಡೆದಂತೆ ಕೆಸರು ಗಂಟು ಗಂಟಾಗಿ, ತಿಳಿ ನೀರು ಬೇರೆಯಾಗುತ್ತದೆ. ಈಗ ಹಿಂಡಿದರೆ ನೀರು ಸಲೀಸಾಗಿ ಹೊರಬರುತ್ತದೆ.

ನಿಜವಾಗಿ ಎಷ್ಟು ಬೇಕು?

ಈ ಅಳತೆಯನ್ನು ಕೆಸರಿನ ಲೀಟರ್ ಲೆಕ್ಕದಲ್ಲಿ ಹೇಳುವುದಿಲ್ಲ, ಅದರೊಳಗಿನ ಒಣ ಪದಾರ್ಥದ ತೂಕದ ಲೆಕ್ಕದಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಒಂದು ಟನ್ ಒಣ ಪದಾರ್ಥಕ್ಕೆ 4ರಿಂದ 10 ಕೆಜಿ ಪಾಲಿಮರ್ ಬೇಕಾಗುತ್ತದೆ. ಅಂದರೆ ಒಂದು ಕೆಜಿಗೆ 4ರಿಂದ 10 ಗ್ರಾಂ.

200 ಮನೆಗಳ ಅಪಾರ್ಟ್‌ಮೆಂಟ್ ಎಂದುಕೊಳ್ಳಿ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದರೆ ಒಟ್ಟು ಸುಮಾರು 1 ಲಕ್ಷ ಲೀಟರ್. ಇಲ್ಲಿ ದಿನಕ್ಕೆ ಸುಮಾರು 10 ಕೆಜಿ ಒಣ ಕೆಸರು ಹುಟ್ಟುತ್ತದೆ ಎಂದಿಟ್ಟುಕೊಂಡರೆ ಅದಕ್ಕೆ ಬೇಕಾಗುವ ಪಾಲಿಮರ್ ದಿನಕ್ಕೆ 40ರಿಂದ 100 ಗ್ರಾಂ. ತಿಂಗಳಿಗೆ ಹೆಚ್ಚೆಂದರೆ 3 ಕೆಜಿ!

ನಿಮ್ಮ ಅಪಾರ್ಟ್‌ಮೆಂಟ್ ಇದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ಕೊಳ್ಳುತ್ತಿದ್ದರೆ ಅಳತೆಯಲ್ಲೋ, ಕಲಸುವ ರೀತಿಯಲ್ಲೋ, ಲೆಕ್ಕದ ಪುಸ್ತಕದಲ್ಲೋ ಏನೋ ತಪ್ಪಿದೆ ಎಂದರ್ಥ. ಏನೂ ಕೊಳ್ಳುತ್ತಿಲ್ಲ, ಒಣಗಿಸುವ ಬೇರೆ ವ್ಯವಸ್ಥೆಯೂ ಇಲ್ಲ ಎಂದಾದರೆ ಅದು ಇನ್ನೂ ದೊಡ್ಡ ಪ್ರಶ್ನೆ. ಹಾಗಾದರೆ ದಿನದಿನವೂ ಹುಟ್ಟುವ ಆ ಕೆಸರು ಎಲ್ಲಿಗೆ ಹೋಗುತ್ತಿದೆ?

ತಪ್ಪು ಕಲ್ಪನೆ 1: ಹೆಚ್ಚು ಹಾಕಿದರೆ ಹೆಚ್ಚು ಒಣಗುತ್ತದೆ

ಇಲ್ಲ. ಪಾಲಿಮರ್ ಒಂದು ಮಿತಿಯ ತನಕ ಮಾತ್ರ ಸಹಾಯ ಮಾಡುತ್ತದೆ. ಮಿತಿ ದಾಟಿದರೆ ಕಣಗಳ ಮೇಲೆಲ್ಲ ಧನ ಆವೇಶವೇ ತುಂಬಿಕೊಂಡು ಅವು ಮತ್ತೆ ಒಂದನ್ನೊಂದು ತಳ್ಳತೊಡಗುತ್ತವೆ. ಉಳಿದ ಪಾಲಿಮರ್ ನೀರಿನಲ್ಲೇ ಇದ್ದು ಅದನ್ನು ಲೋಳೆ ಲೋಳೆಯಾಗಿಸುತ್ತದೆ, ಫಿಲ್ಟರ್ ಬಟ್ಟೆಗೆ ಅಂಟಿ ರಂಧ್ರಗಳನ್ನು ಮುಚ್ಚುತ್ತದೆ. ಕೇಕ್ ಬಟ್ಟೆಯಿಂದ ಬಿಡದೆ ಅಂಟಿಕೊಂಡರೆ, ಹಿಂಡಿದ ನೀರು ಬೆರಳಿಗೆ ಜಾರುವಂತಿದ್ದರೆ ಪಾಲಿಮರ್ ಹೆಚ್ಚಾಗಿದೆ ಎಂದು ಅನುಮಾನಿಸಬಹುದು.

ವಿಚಿತ್ರವೆಂದರೆ ಕಡಿಮೆ ಹಾಕಿದಾಗಲೂ ಹೆಚ್ಚು ಹಾಕಿದಾಗಲೂ ಕೇಕ್ ನೀರುನೀರಾಗಿಯೇ ಇರುತ್ತದೆ. ಅದನ್ನು ನೋಡಿದ ಆಪರೇಟರ್ "ಇನ್ನೂ ಸ್ವಲ್ಪ ಹಾಕೋಣ" ಎನ್ನುತ್ತಾರೆ. ಖರ್ಚು ಕೈಮೀರುವುದು ಬಹಳ ಕಡೆ ಹೀಗೆ.

ಇದಕ್ಕೆ ಪರಿಹಾರ ಒಂದು ಸರಳ ಪರೀಕ್ಷೆ. 1 ಗ್ರಾಂ ಪಾಲಿಮರ್ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ ದ್ರಾವಣ ಮಾಡಿಕೊಳ್ಳಬೇಕು. ಐದು ಪಾತ್ರೆಗಳಲ್ಲಿ ತಲಾ 1 ಲೀಟರ್ ಕೆಸರು ತೆಗೆದುಕೊಳ್ಳಬೇಕು. ಕೆಸರು ಶೇ. 1ರದ್ದಾದರೆ ಪ್ರತಿ ಪಾತ್ರೆಯಲ್ಲೂ 10 ಗ್ರಾಂ ಒಣ ಪದಾರ್ಥ ಇದೆ. ಇವುಗಳಿಗೆ ಕ್ರಮವಾಗಿ 30, 40, 50, 60, 70 ಮಿಲಿಲೀಟರ್ ದ್ರಾವಣ ಹಾಕಬೇಕು. ಇದು ಟನ್‌ಗೆ 3, 4, 5, 6, 7 ಕೆಜಿಗೆ ಸಮ. ಪ್ರತಿಯೊಂದನ್ನೂ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಒಂದೇ ಎಣಿಕೆಯಷ್ಟು ಸಲ ಸುರಿದು ಬೆರೆಸಿ, ಫಿಲ್ಟರ್ ಬಟ್ಟೆಯ ತುಂಡಿನ ಮೇಲೆ ಹಾಕಿ, ನಿಗದಿತ ಸಮಯದಲ್ಲಿ ಎಷ್ಟು ನೀರು ಇಳಿಯಿತು, ಅದು ಎಷ್ಟು ತಿಳಿಯಾಗಿದೆ ಎಂದು ನೋಡಬೇಕು. ನೀರು ತಿಳಿಯಾಗಿ ಬೇಗ ಇಳಿದ ಪಾತ್ರೆಗಳಲ್ಲಿ ಅತಿ ಕಡಿಮೆ ದ್ರಾವಣ ಬಿದ್ದದ್ದು ಯಾವುದೋ ಅದೇ ಸರಿಯಾದ ಅಳತೆ. ಅರ್ಧ ಗಂಟೆಯ ಕೆಲಸ. ಕೈಗವಸು, ಕನ್ನಡಕ ಹಾಕಿಕೊಂಡು ಮಾಡಬೇಕು. ಕೆಸರಿನ ಗುಣ ಮಳೆಗಾಲ, ಬೇಸಿಗೆ, ರಜೆಯ ದಿನಗಳು ಎಂದು ಬದಲಾಗುವುದರಿಂದ ಆಗಾಗ ಮಾಡಬೇಕು.

ತಪ್ಪು ಕಲ್ಪನೆ 2: ಪುಡಿ ನೀರಿಗೆ ಬಿದ್ದರೆ ಸಾಕು, ಕರಗುತ್ತದೆ

ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಒಮ್ಮೆಲೇ ಸುರಿದರೆ ಏನಾಗುತ್ತದೆ ಎಂದು ಮುದ್ದೆ ಮಾಡುವವರಿಗೆಲ್ಲ ಗೊತ್ತು. ಹೊರಗೆ ಬೆಂದು ಒಳಗೆ ಒಣ ಹಿಟ್ಟು ಉಳಿದ ಗಂಟುಗಳಾಗುತ್ತವೆ. ಪಾಲಿಮರ್ ಪುಡಿಯೂ ಹಾಗೆಯೇ. ಮುಷ್ಟಿಗಟ್ಟಲೆ ಎಸೆದರೆ ಮೇಲೆ ಜೆಲ್ಲಿ, ಒಳಗೆ ಒಣ ಪುಡಿ ಇರುವ ಉಂಡೆಗಳಾಗುತ್ತವೆ. ಆ ಉಂಡೆಯೊಳಗಿನ ಪಾಲಿಮರ್ ಯಾವ ಕೆಲಸಕ್ಕೂ ಬರುವುದಿಲ್ಲ. ದುಡ್ಡು ಕೊಟ್ಟು ಕೊಂಡದ್ದು ಟ್ಯಾಂಕ್‌ನ ತಳದಲ್ಲಿ ಕೂರುತ್ತದೆ, ಇಲ್ಲವೇ ಪೈಪ್ ಕಟ್ಟಿಸುತ್ತದೆ.

ಸರಿಯಾದ ಕ್ರಮ ಹೀಗಿದೆ. ನೀರನ್ನು ಕಲಕುತ್ತಾ, ಉಪ್ಪಿಟ್ಟಿಗೆ ರವೆ ಉದುರಿಸುವಂತೆ ಪುಡಿಯನ್ನು ನಿಧಾನವಾಗಿ ಉದುರಿಸಬೇಕು. ಆಮೇಲೆ 30ರಿಂದ 60 ನಿಮಿಷ ಮೆಲ್ಲಗೆ ಕಲಕುತ್ತಾ ಬಿಡಬೇಕು. ಸುರುಳಿ ಸುತ್ತಿಕೊಂಡಿರುವ ಆ ಉದ್ದ ಅಣುಗಳು ಪೂರ್ತಿ ಬಿಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ಜೋರಾಗಿ ಕಲಕಿದರೆ ದಾರಗಳೇ ತುಂಡಾಗುತ್ತವೆ, ತುಂಡಾದ ದಾರ ಕಣಗಳನ್ನು ಪೋಣಿಸಲಾರದು. ಕಲಸುವ ನೀರಿನಲ್ಲಿ ಕ್ಲೋರಿನ್, ಕಬ್ಬಿಣದ ಅಂಶ ಅಥವಾ ಹೆಚ್ಚು ಗಡಸುತನ ಇದ್ದರೂ ಪಾಲಿಮರ್‌ನ ಶಕ್ತಿ ಕುಗ್ಗುತ್ತದೆ. ತೆಳು ದ್ರಾವಣವನ್ನು ವಾರಗಟ್ಟಲೆ ಇಟ್ಟುಕೊಳ್ಳದೆ ಆಯಾ ದಿನ ಬೇಕಾದಷ್ಟು ಮಾಡಿಕೊಳ್ಳುವುದು ಒಳ್ಳೆಯದು. ಪುಡಿಯ ಚೀಲವನ್ನು ತೇವ ತಾಗದಂತೆ ಕಟ್ಟಿಡಬೇಕು.

ಕೆಸರು ಗಂಟು ಕಟ್ಟಿದ ಮೇಲೂ ಎಚ್ಚರ ಬೇಕು. ಗಂಟಾದ ಕೆಸರಿಗೆ ಬಹಳ ಹೊತ್ತು ಜೋರಾಗಿ ಗಾಳಿ ಬಿಟ್ಟರೆ, ರಭಸದ ಪಂಪ್‌ನಲ್ಲಿ ಹಾಯಿಸಿದರೆ ಗಂಟುಗಳು ಒಡೆದು ಹಿಂದಿನ ಸ್ಥಿತಿಗೇ ಬರುತ್ತವೆ. ಇದನ್ನೆಲ್ಲ ಸರಿಪಡಿಸಲು ಹೊಸ ಯಂತ್ರ ಬೇಕಿಲ್ಲ. ಆಪರೇಟರ್‌ಗೆ ತಿಳಿವಳಿಕೆ, ಸಮಯ ಮತ್ತು ಒಂದು ಒಳ್ಳೆಯ ತಕ್ಕಡಿ ಕೊಟ್ಟರೆ ಸಾಕು.

ತಪ್ಪು ಕಲ್ಪನೆ 3: ಅಗ್ಗದ ಚೀಲವೇ ಅಗ್ಗ

ಪಾಲಿಮರ್ ಪುಡಿಯ ರೂಪದಲ್ಲೂ ಹಾಲಿನಂತಹ ಎಮಲ್ಷನ್ ರೂಪದಲ್ಲೂ ಸಿಗುತ್ತದೆ. ಪುಡಿಯಲ್ಲಿ ಸುಮಾರು ಶೇ. 90ರಷ್ಟು ಪಾಲಿಮರ್ ಇದ್ದರೆ, ಎಮಲ್ಷನ್‌ನಲ್ಲಿ ಶೇ. 30ರಿಂದ 50 ಮಾತ್ರ. ಲೆಕ್ಕಕ್ಕಾಗಿ ಪುಡಿಗೆ ಕೆಜಿಗೆ 300 ರೂಪಾಯಿ, ಶೇ. 40ರ ಎಮಲ್ಷನ್‌ಗೆ 150 ರೂಪಾಯಿ ಎಂದುಕೊಳ್ಳೋಣ. ನೋಡಲು ಎಮಲ್ಷನ್ ಅರ್ಧ ಬೆಲೆ. ಆದರೆ ಒಳಗಿನ ಪಾಲಿಮರ್‌ನ ಲೆಕ್ಕದಲ್ಲಿ ಪುಡಿಗೆ ಕೆಜಿಗೆ ಬೀಳುವುದು 333 ರೂಪಾಯಿ, ಎಮಲ್ಷನ್‌ಗೆ 375.

ಪಾಲಿಮರ್ ಬದಲು ಫೆರಿಕ್ ಕ್ಲೋರೈಡ್ ಮತ್ತು ಸುಣ್ಣ ಬಳಸಿದರೆ ಅಗ್ಗವಲ್ಲವೇ ಎಂದೂ ಕೇಳುತ್ತಾರೆ. ಇವು ಹಳೆಯ, ಪರೀಕ್ಷಿತ ವಿಧಾನಗಳೇ. ಆದರೆ ಇವು ಕೆಸರಿನಲ್ಲೇ ಗಟ್ಟಿ ಪದಾರ್ಥವಾಗಿ ಉಳಿದುಬಿಡುತ್ತವೆ. 1 ಕೆಜಿ ಫೆರಿಕ್ ಕ್ಲೋರೈಡ್ ಹಾಕಿದರೆ ಸುಮಾರು 660 ಗ್ರಾಂ ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ಕೆಸರಿಗೆ ಸೇರುತ್ತದೆ. ಸುಣ್ಣವೂ ಬಹುಪಾಲು ಅಲ್ಲೇ ಉಳಿಯುತ್ತದೆ. ಅಂದರೆ ಸಾಗಿಸಬೇಕಾದ ಕೆಸರನ್ನು ನಾವೇ ಹೆಚ್ಚು ಮಾಡಿದಂತಾಯಿತು.

ದೊಡ್ಡ ಘಟಕಗಳಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದಿನಕ್ಕೆ 10 ಕೋಟಿ ಲೀಟರ್ ಶುದ್ಧೀಕರಿಸುವ ನಗರದ ಘಟಕವೊಂದರಲ್ಲಿ 20 ಟನ್ ಒಣ ಕೆಸರು ಬರುತ್ತದೆ ಎಂದುಕೊಳ್ಳಿ. ಪಾಲಿಮರ್ ಅಳತೆಯನ್ನು ಟನ್‌ಗೆ 6 ಕೆಜಿಯಿಂದ 5ಕ್ಕೆ ಇಳಿಸಿದರೆ ದಿನಕ್ಕೆ 20 ಕೆಜಿ, ಅಂದರೆ 6,000 ರೂಪಾಯಿ ಉಳಿಯಿತು. ಆದರೆ ಹಾಗೆ ಇಳಿಸಿದ್ದರಿಂದ ಕೇಕ್‌ನ ಗಟ್ಟಿ ಅಂಶ ಶೇ. 20ರಿಂದ 18ಕ್ಕೆ ಬಂತು ಎನ್ನಿ. ಆಗ ಸಾಗಿಸಬೇಕಾದ ಕೇಕ್ 100 ಟನ್‌ನಿಂದ 111 ಟನ್‌ಗೆ ಏರುತ್ತದೆ. ಸಾಗಿಸಿ ವಿಲೇವಾರಿ ಮಾಡಲು ಟನ್‌ಗೆ 800 ರೂಪಾಯಿ ಎಂದರೆ ಹೆಚ್ಚುವರಿ ಖರ್ಚು ಸುಮಾರು 8,900 ರೂಪಾಯಿ. ಆರು ಸಾವಿರ ಉಳಿಸಲು ಹೋಗಿ ಸುಮಾರು ಒಂಬತ್ತು ಸಾವಿರ ಕಳೆದುಕೊಂಡಂತಾಯಿತು!

ಇಷ್ಟಕ್ಕೇ ಮುಗಿಯಲಿಲ್ಲ. ಪಾಲಿಮರ್ ಸಾಲದಿದ್ದರೆ ಹಿಂಡಿದ ನೀರಿನ ಜೊತೆ ಕೆಸರಿನ ಕಣಗಳೂ ಹೊರಬರುತ್ತವೆ. ಆ ನೀರು ಮತ್ತೆ ಘಟಕದ ಆರಂಭಕ್ಕೇ ಹೋಗುತ್ತದೆ. ಹಿಡಿದಿಡುವ ಪ್ರಮಾಣ ಶೇ. 95ರಿಂದ 90ಕ್ಕೆ ಇಳಿದರೆ ಈ ಘಟಕದಲ್ಲಿ ದಿನಕ್ಕೆ ಇನ್ನೂ ಒಂದು ಟನ್ ಒಣ ಕೆಸರು ಹಿಂದಕ್ಕೆ ಹರಿಯುತ್ತದೆ. ಅದನ್ನು ಇನ್ನೊಮ್ಮೆ ಸಂಸ್ಕರಿಸಬೇಕು, ಅದಕ್ಕೆ ಇನ್ನೊಮ್ಮೆ ಪಾಲಿಮರ್ ಹಾಕಬೇಕು. ಹಾಗಾಗಿ ನೋಡಬೇಕಾದ ಸಂಖ್ಯೆ ಚೀಲದ ಬೆಲೆಯೂ ಅಲ್ಲ, ಪಾಲಿಮರ್‌ನ ಬಿಲ್ಲೂ ಅಲ್ಲ. ಕೆಮಿಕಲ್, ವಿದ್ಯುತ್, ಕೂಲಿ, ಸಾಗಣೆ ಎಲ್ಲ ಸೇರಿ ಒಂದು ಟನ್ ಒಣ ಕೆಸರಿಗೆ ತಗಲುವ ಒಟ್ಟು ಖರ್ಚನ್ನು ನೋಡಬೇಕು.

ತಪ್ಪು ಕಲ್ಪನೆ 4: ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಕೆಸರೇ ಬರುವುದಿಲ್ಲ

"ಸ್ಲಡ್ಜ್ ತಿನ್ನುವ ಬ್ಯಾಕ್ಟೀರಿಯಾ" ಎಂದು ಮಾರುವವರು ಇದ್ದಾರೆ. ನೆನಪಿಡಬೇಕಾದ ವಿಷಯವೆಂದರೆ ಕೆಸರು ಬಹುಪಾಲು ಬ್ಯಾಕ್ಟೀರಿಯಾಗಳ ದೇಹವೇ. ಕೊಳಚೆ ನೀರಿನಲ್ಲಿ ಅವು ಬೇಕಾದಷ್ಟು ತಾವಾಗಿಯೇ ಬರುತ್ತವೆ. ಹೊರಗಿನಿಂದ ತಂದು ಹಾಕಿದವೂ ತಿನ್ನುತ್ತವೆ, ಬೆಳೆಯುತ್ತವೆ, ಕೆಸರಾಗುತ್ತವೆ. ಮರಳು, ಮಣ್ಣಿನಂತಹ ಕೊಳೆಯದ ಪದಾರ್ಥವನ್ನಂತೂ ಯಾವ ಬ್ಯಾಕ್ಟೀರಿಯಾವೂ ತಿನ್ನಲಾರದು.

ಕೆಸರಿನ ಪ್ರಮಾಣವನ್ನು ನಿಜವಾಗಿ ಕಡಿಮೆ ಮಾಡುವ ದಾರಿಗಳು ಬೇರೆ ಇವೆ. ಗಾಳಿ ಕೊಡುವ ಟ್ಯಾಂಕ್‌ನಲ್ಲಿ ಕೆಸರನ್ನು ಹೆಚ್ಚು ದಿನ ಇಟ್ಟುಕೊಂಡರೆ ಅದು ತನ್ನನ್ನೇ ಸ್ವಲ್ಪ ಕರಗಿಸಿಕೊಳ್ಳುತ್ತದೆ, ಆದರೆ ಬ್ಲೋವರ್‌ನ ಕರೆಂಟ್ ಬಿಲ್ ಏರುತ್ತದೆ. ದೊಡ್ಡ ಘಟಕಗಳಲ್ಲಿ ಗಾಳಿಯಿಲ್ಲದ ಡೈಜೆಸ್ಟರ್‌ನಲ್ಲಿ ಕೊಳೆಸಿದರೆ ಒಣ ಪದಾರ್ಥ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಜೊತೆಗೆ ಜೈವಿಕ ಅನಿಲ ಸಿಗುತ್ತದೆ. ಕೆಸರು ಕಡಿಮೆಯಾಗುತ್ತದೆ ನಿಜ, ಇಲ್ಲವಾಗುವುದಿಲ್ಲ.

ನುಗ್ಗೆ ಬೀಜದ ಪುಡಿಯ ಬಗ್ಗೆಯೂ ಪ್ರಶ್ನೆ ಬರುತ್ತದೆ. ನುಗ್ಗೆ ಬೀಜದಲ್ಲಿ ಧನ ಆವೇಶದ ಪ್ರೋಟೀನ್ ಇದೆ, ಕದಡಿದ ನೀರನ್ನು ಅದು ತಿಳಿಯಾಗಿಸುತ್ತದೆ ಎಂಬುದು ನಿಜ. ಆದರೆ ಕೆಸರಿನಲ್ಲಿ ಕಣಗಳು ಬಹಳ ಹೆಚ್ಚು, ಪ್ರೋಟೀನ್ ಅಣುಗಳು ಪಾಲಿಮರ್‌ನಷ್ಟು ಉದ್ದವಿಲ್ಲ. ಹಾಗಾಗಿ ಪುಡಿ ಬಹಳ ಬೇಕಾಗುತ್ತದೆ, ಅದರ ಹೊಟ್ಟೂ ಕೆಸರಿಗೇ ಸೇರುತ್ತದೆ. ಕುಡಿಯುವ ನೀರಿನ ಕೊಡದಲ್ಲಿ ಸಲ್ಲುವುದು ಫಿಲ್ಟರ್ ಪ್ರೆಸ್‌ನಲ್ಲಿ ಸಲ್ಲಬೇಕೆಂದಿಲ್ಲ.

ಕೆಮಿಕಲ್ ಮುಟ್ಟದೆಯೇ ಉಳಿಸುವ ದಾರಿಗಳು

ಪಾಲಿಮರ್ ಖರ್ಚು ನಿರ್ಧಾರವಾಗುವುದು ಬಹುಪಾಲು ಪಾಲಿಮರ್ ಟ್ಯಾಂಕ್‌ಗಿಂತ ಮೊದಲೇ.

ಕೆಸರು ಹಳಸಬಾರದು. ಹೊರತೆಗೆದ ಕೆಸರನ್ನು ಗಾಳಿಯಿಲ್ಲದೆ ದಿನಗಟ್ಟಲೆ ಕೂಡಿಟ್ಟರೆ ಅದು ಕೊಳೆತು ಕಣಗಳು ಇನ್ನಷ್ಟು ಸಣ್ಣದಾಗಿ ಒಡೆಯುತ್ತವೆ. ವಾಸನೆಯ ಜೊತೆಗೆ ಪಾಲಿಮರ್ ಬೇಡಿಕೆಯೂ ಏರುತ್ತದೆ. ವಾರಕ್ಕೊಮ್ಮೆ ರಾಶಿ ಹಿಂಡುವ ಬದಲು ದಿನವೂ ಸ್ವಲ್ಪ ಸ್ವಲ್ಪ ಹಿಂಡುವುದು ಮೇಲು.

ಮೊದಲು ತಿಳಿ ಬಸಿಯಬೇಕು. ಕೆಲವು ಗಂಟೆ ಸುಮ್ಮನೆ ಬಿಟ್ಟರೆ ಕೆಸರು ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಅದನ್ನು ಬಸಿದು ಶೇ. 1ರ ಕೆಸರನ್ನು ಶೇ. 2ಕ್ಕೆ ತಂದರೆ ಪ್ರೆಸ್‌ಗೆ ಹೋಗುವ ಪ್ರಮಾಣ ಅರ್ಧವಾಗುತ್ತದೆ.

ಸಾಫ್ಟ್‌ನರ್ ಉಪ್ಪುನೀರನ್ನು ಗಮನಿಸಬೇಕು. ಬೋರ್‌ವೆಲ್ ನೀರಿನ ಗಡಸುತನ ತೆಗೆಯಲು ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಫ್ಟ್‌ನರ್ ಇರುತ್ತದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಕೆಸರಿನ ಕಣಗಳನ್ನು ಸಹಜವಾಗಿ ಅಂಟಿಸಿ ಹಿಡಿಯುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸೋಡಿಯಂ ಹೆಚ್ಚಾದಷ್ಟೂ ಈ ಬೆಸುಗೆ ಸಡಿಲವಾಗುತ್ತದೆ, ಕೆಸರು ನೀರು ಬಿಡುವುದಿಲ್ಲ. ಸಾಫ್ಟ್‌ನರ್‌ಗೆ ಮಿತಿಮೀರಿ ಉಪ್ಪು ಸುರಿಯುವುದು, ಉಪ್ಪು ಹಾಯಿಸಿ ತೊಳೆದ ನೀರನ್ನು ಒಮ್ಮೆಲೇ ಎಸ್‌ಟಿಪಿಗೆ ಬಿಡುವುದು ಎರಡೂ ದುಬಾರಿ ಅಭ್ಯಾಸಗಳು.

ಬಿಸಿಲನ್ನೂ ಬಳಸಬಹುದು. ಜಾಗ ಇರುವ ಕಡೆ, ವಿಶೇಷವಾಗಿ ಸಣ್ಣ ಪಟ್ಟಣಗಳಲ್ಲಿ, ಮರಳಿನ ಹಾಸಿನ ಮೇಲೆ ಕೆಸರನ್ನು 20ರಿಂದ 30 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಬೇಸಿಗೆಯಲ್ಲಿ ಎರಡು ವಾರದೊಳಗೆ ಬಿರುಕು ಬಿಟ್ಟು ಒಣಗುತ್ತದೆ, ಪಾಲಿಮರ್ ಇಲ್ಲದೆಯೇ. ಮಳೆಗಾಲದಲ್ಲಿ ಇದು ನಡೆಯುವುದಿಲ್ಲ ಎಂಬುದು ಇದರ ಮಿತಿ.

ಪಾಲಿಮರ್ ವಿಷವೇ?

ಪಾಲಿಅಕ್ರಿಲಮೈಡ್ ಮನುಷ್ಯರಿಗೆ ಹೆಚ್ಚು ವಿಷಕಾರಿಯಲ್ಲ. ಅದನ್ನು ತಯಾರಿಸುವ ಮೂಲವಸ್ತು ಅಕ್ರಿಲಮೈಡ್ ಮಾತ್ರ ಬೇರೆ. 1994ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ. ಉತ್ತಮ ಪಾಲಿಮರ್‌ನಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಉಳಿದಿರುತ್ತದೆ. ಧನ ಆವೇಶದ ಪಾಲಿಮರ್ ನೇರವಾಗಿ ಕೆರೆಗೆ ಸೇರಿದರೆ ಮೀನಿನ ಕಿವಿರುಗಳಿಗೆ ಅಂಟಿ ಅವನ್ನು ಕೊಲ್ಲಬಲ್ಲದು. ಹೆಚ್ಚು ಹಾಕಬಾರದು ಎನ್ನಲು ಇದೂ ಒಂದು ಕಾರಣ. ಆಪರೇಟರ್‌ಗೆ ದಿನನಿತ್ಯದ ಅಪಾಯ ಮಾತ್ರ ಬೇರೆ. ನೆಲಕ್ಕೆ ಚೆಲ್ಲಿದ ಪುಡಿ ಒದ್ದೆಯಾದರೆ ವಿಪರೀತ ಜಾರುತ್ತದೆ.

ತಪ್ಪು ಉಳಿತಾಯದ ಬೆಲೆ ಕೊಡುವವರು ಯಾರು?

ಕೆಸರನ್ನು ಸರಿಯಾಗಿ ಹಿಂಡದಿದ್ದರೆ ಅದು ಎಲ್ಲಿಗಾದರೂ ಹೋಗಲೇಬೇಕು. ಕೆಲವೊಮ್ಮೆ ರಾತ್ರಿ ಟ್ಯಾಂಕರ್ ಏರಿ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಸೇರುತ್ತದೆ. ಇಲ್ಲವಾದರೆ ಟ್ಯಾಂಕ್‌ನಲ್ಲೇ ತುಂಬಿಕೊಳ್ಳುತ್ತದೆ. ತುಂಬಿ ಗಟ್ಟಿಯಾದ ಟ್ಯಾಂಕ್‌ನ್ನು ಖಾಲಿ ಮಾಡಲು ಕೊನೆಗೆ ಒಬ್ಬ ಮನುಷ್ಯನನ್ನು ಒಳಗಿಳಿಸುವ ಮಾತು ಬರುತ್ತದೆ. ಕೊಳೆತ ಕೆಸರನ್ನು ಕದಡಿದಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಅದು ಹೆಚ್ಚಿದ್ದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಹೀಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆದರೂ ಸಾವುಗಳು ನಿಂತಿಲ್ಲ. ದಿನಕ್ಕೆ ಕೆಲವೇ ಗ್ರಾಂ ಪಾಲಿಮರ್ ವಿಷಯದಲ್ಲಿ ಮಾಡಿದ ಜಿಪುಣತನದ ಕೊನೆಯ ಬಿಲ್ ಹೀಗೆ, ಆ ಸಭೆಯಲ್ಲಿ ಇಲ್ಲದಿದ್ದವರ ಹೆಸರಿಗೆ ಹೋಗುತ್ತದೆ.

ಹಾಗಾಗಿ ನಿಮ್ಮ ಮುಂದಿನ ಸಭೆಯಲ್ಲಿ "ಪಾಲಿ ಕಡಿಮೆ ಮಾಡಿ" ಎನ್ನುವ ಬದಲು ನಾಲ್ಕು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಕೆಸರು ಹೊರತೆಗೆಯುತ್ತಿದ್ದೇವೆ? ಅಳತೆಯ ಪರೀಕ್ಷೆ ಕೊನೆಯ ಸಲ ಮಾಡಿದ್ದು ಯಾವಾಗ? ಕೇಕ್ ಎಷ್ಟು ಒಣಗಿರುತ್ತದೆ? ಅದನ್ನು ಯಾರು, ಎಲ್ಲಿಗೆ ಒಯ್ಯುತ್ತಾರೆ? ಈ ನಾಲ್ಕಕ್ಕೆ ಉತ್ತರ ಇರುವ ಕಡೆ ಕೆಮಿಕಲ್ ಖರ್ಚು ತಾನಾಗಿಯೇ ಹತೋಟಿಗೆ ಬರುತ್ತದೆ. ಉತ್ತರ ಇಲ್ಲದಿದ್ದರೆ ಮೊದಲು ತಕ್ಕಡಿ ಕೊಳ್ಳಿ, ಪಾಲಿಮರ್ ಬೆಲೆಯ ಚೌಕಾಸಿ ಆಮೇಲೆ ಮಾಡಬಹುದು.